ಸಂಗಣ್ಣನ ಹಳದಿ ಅಂಗೈ

ರೊಟ್ಟಿ ಅಷ್ಟು ಬೆಳ್ಳಗಿರಬಾರದಾಗಿತ್ತು.

ಉಳಿದ ದಿನಗಳಲ್ಲಿ ಸಂಗಣ್ಣ ನಿಂತುಕೊಂಡೇ ಚಹಾ ಕುಡಿದು, ಬುತ್ತಿಯ ಡಬ್ಬಿ ಎತ್ತಿಕೊಂಡು, ಆರೂ ಮುಕ್ಕಾಲಿನ ಕಂಪನಿ ಬಸ್ಸಿಗೆ ಓಡುತ್ತಿದ್ದ. ಅಂದು ದೊಡ್ಡ ದಿನವೆಂದು ಹೆಂಡತಿ ಸುವರ್ಣಾ ಅವನನ್ನು ಕೂಡಿಸಿ, ಯಾದಗಿರಿಯಿಂದ ಬಂದಿದ್ದ ಹೊಸ ಜೋಳದ ಹಿಟ್ಟಿನಲ್ಲಿ ರೊಟ್ಟಿ ಬಡಿದು, ಹಂಚಿನಿಂದ ನೇರವಾಗಿ ಅವನ ಕೈಗೇ ಹಾಕಿದಳು. ರೊಟ್ಟಿ ಒಗೆದು ಒಣಗಿಸಿದ ಧೋತರದಷ್ಟು ಬಿಳಿ. ಅದನ್ನು ಹಿಡಿದ ಬೆರಳುಗಳು ಅರಿಶಿನದ ಕೊಂಬಿನಷ್ಟು ಹಳದಿ.

“ಇದೇನ್ರಿ ನಿಮ್ಮ ಕೈ?” ಎಂದಳು ಸುವರ್ಣಾ.

“ಕೈಗೇನಾಗೇತಿ? ಕೈ ಇದ್ದಂಗ ಐತಿ.”

“ಅಂಗೈ ತೋರಸ್ರಿ.”

ಸಂಗಣ್ಣ ತೋರಿಸಲಿಲ್ಲ. ಹತ್ತು ದಿನಗಳಿಂದ ಆ ಅಂಗೈಗಳನ್ನು ಅವನು ಕದ್ದ ಕೋಳಿಯ ಹಾಗೆ ಬಚ್ಚಿಟ್ಟುಕೊಂಡು ತಿರುಗಿದ್ದ. ಬಸ್ಸಿನಲ್ಲಿ ಜೇಬಿನೊಳಗೆ, ಕಾರ್ಖಾನೆಯಲ್ಲಿ ಕೈಗವಸಿನೊಳಗೆ, ಮನೆಯಲ್ಲಿ ಹೊದಿಕೆಯೊಳಗೆ.

“ಪಲ್ಯದ ಅರಿಶಿಣ ಹತ್ತಿರಬೇಕು.”

“ಪಲ್ಯ ಇನ್ನೂ ಹಾಕೇ ಇಲ್ಲಲ್ರಿ.”

ಸಂಗಣ್ಣ ಬಿ.ಎಸ್ಸಿ. ಓದಿದವನು. ಒಂಬತ್ತು ವರ್ಷಗಳಿಂದ ಪಟಾನ್‌ಚೆರುವಿನ ಕಾರ್ಖಾನೆಯೊಂದರಲ್ಲಿ ಗುತ್ತಿಗೆಯ ಮೇಲೆ ದುಡಿಯುತ್ತಿದ್ದ. ಅಲ್ಲಿ ತಯಾರಾಗುತ್ತಿದ್ದದ್ದು ಚರ್ಮದ ಹೊಳಪಿಗೆಂದು ನುಂಗುವ ಕ್ಯಾಪ್ಸೂಲು. ಒಳಗೆ ಗಜ್ಜರಿಗೆ, ಅಂದರೆ ಕ್ಯಾರೆಟ್ಟಿಗೆ, ಬಣ್ಣ ಕೊಡುವ ಕ್ಯಾರೋಟಿನ್, ಒಂದಷ್ಟು ವಿಟಮಿನ್, ಸ್ವಲ್ಪ ಎಣ್ಣೆ. ಡಬ್ಬಿಯ ಮೇಲೆ ಕನ್ನಡಿ ನೋಡಿ ತನಗೆ ತಾನೇ ನಾಚಿಕೊಳ್ಳುತ್ತಿರುವ ಒಬ್ಬ ಹುಡುಗಿ. ಮೂತಿ ಸೊಟ್ಟಗಾದ, ಉಬ್ಬಿದ, ಸೋರುವ ಕ್ಯಾಪ್ಸೂಲುಗಳನ್ನು ಆರಿಸಿ ತೆಗೆದು ಸಂಜೆ ಬಿಸಿನೀರಿನ ತೊಟ್ಟಿಗೆ ಸುರಿದು ಕರಗಿಸುವುದು ಸಂಗಣ್ಣನ ಕೆಲಸ.

ಒಂಬತ್ತು ವರ್ಷ ಗಮನಿಸಿ ಅವನೊಂದು ಸಂಗತಿ ಕಂಡುಕೊಂಡಿದ್ದ. ಖಾಯಂ ನೌಕರರ ಮುಖಕ್ಕೆ ಒಂದು ಹೊಳಪಿರುತ್ತದೆ. ಗುತ್ತಿಗೆಯವರ ಮುಖ ಗೋಣಿಚೀಲದ ಹಾಗೆ ಬಿದ್ದ ಬೆಳಕನ್ನೆಲ್ಲ ಹೀರಿಕೊಂಡು ಸುಮ್ಮನಿರುತ್ತದೆ. ಖಾಯಂ ಆದದ್ದರಿಂದ ಹೊಳಪು ಬಂತೋ, ಹೊಳಪಿದ್ದದ್ದರಿಂದ ಖಾಯಂ ಆದರೋ ಎಂದು ವಿಜ್ಞಾನ ಓದಿದವನು ಮೊದಲು ವಿಚಾರ ಮಾಡಬೇಕಿತ್ತು. ಸಂಗಣ್ಣ ಮಾಡಲಿಲ್ಲ. ಖಾಯಂ ಹುದ್ದೆಯೊಂದು ಖಾಲಿಯಾಗುತ್ತದೆಂದು ಸುದ್ದಿ ಬಂದ ದಿನವೇ ತೊಟ್ಟಿಯ ಮುಂದೆ ನಿಂತು, ತಿನ್ನುವ ಪದಾರ್ಥವನ್ನು ಚೆಲ್ಲಬಾರದು ಎಂದು ಅವ್ವ ಹೇಳುತ್ತಿದ್ದ ಮಾತನ್ನು ನೆನೆದು, ಆರು ಕ್ಯಾಪ್ಸೂಲು ನುಂಗಿಬಿಟ್ಟ. ಮರುದಿನದಿಂದ ಅದೇ ನಿತ್ಯದ ಪದ್ಧತಿಯಾಯಿತು. ದಿನಕ್ಕೆ ಒಂದು ಎಂದು ಡಬ್ಬಿಯ ಮೇಲಿತ್ತು. ಅದು ಕೊಂಡು ತಿನ್ನುವವರಿಗೆ. ಕಳ್ಳತನ ನಡೆಯಬಾರದೆಂದು, ಕಾರ್ಖಾನೆಯೊಳಗೆ ತೊಡಲು ಕಂಪನಿ ಕೊಟ್ಟ ಸಮವಸ್ತ್ರಕ್ಕೆ ಜೇಬುಗಳಿರಲಿಲ್ಲ. ಬಾಯಿಯ ವಿಚಾರ ಅವರಿಗೆ ಹೊಳೆದಿರಲಿಲ್ಲ.

ನಾಲ್ಕು ತಿಂಗಳಾದ ಮೇಲೆ ಬಂದದ್ದು ಹೊಳಪಲ್ಲ, ಬಣ್ಣ. ಮೊದಲು ಅಂಗೈ, ಆಮೇಲೆ ಅಂಗಾಲು, ಆಮೇಲೆ ಮೂಗಿನ ಎರಡೂ ಬದಿ. ಸಂಗಣ್ಣ ಗಾಬರಿಯಿಂದ ಪುಸ್ತಕ ತೆರೆದು ನೋಡಿದ. ಕ್ಯಾರೋಟಿನ್ ಹೆಚ್ಚಾದರೆ ಹೀಗಾಗುತ್ತದೆ, ಅಪಾಯವಿಲ್ಲ, ನಿಲ್ಲಿಸಿದರೆ ಕೆಲವು ವಾರಗಳಲ್ಲಿ ತಾನಾಗಿ ಇಳಿಯುತ್ತದೆ ಎಂದಿತ್ತು. ಅಂದೇ ನಿಲ್ಲಿಸಿದ. ಆದರೆ ಪುಸ್ತಕದ ವಾರಗಳಿಗಾಗಿ ಕಂಪನಿಯ ವಾರಗಳು ಕಾಯುವುದಿಲ್ಲವಲ್ಲ. ಈ ದಿನ ಸಂಜೆ ನಾಲ್ಕಕ್ಕೆ ಆ ಒಂದೇ ಒಂದು ಖಾಯಂ ಹುದ್ದೆಯ ಪಟ್ಟಿ ಮುಚ್ಚುವುದಿತ್ತು. ಪಟ್ಟಿಯಲ್ಲಿ ಮೊದಲ ಹೆಸರು ಸಂಗಣ್ಣನದು. ಅಷ್ಟರೊಳಗೆ ಕಂಪನಿಯ ಡಾಕ್ಟರು ‘ಆರೋಗ್ಯವಂತ’ ಎಂದು ಬರೆದುಕೊಡಬೇಕು, ಅಷ್ಟೇ. ಮೈ ಹಳದಿಯಾದದ್ದು ಕಾಮಾಲೆಯಿಂದ ಎಂದರೆ ಹುದ್ದೆ ಹೋಗುತ್ತದೆ. ಕ್ಯಾಪ್ಸೂಲಿನಿಂದ ಎಂದರೆ ಕಳ್ಳನೆಂದು ಕೆಲಸವೇ ಹೋಗುತ್ತದೆ. ಹೀಗಾಗಿ ಅವನ ಕೈ ಹಳದಿಯೇ ಆಗಿಲ್ಲ ಎನ್ನುವುದು ಮಾತ್ರ ಉಳಿದ ದಾರಿ.

ಸುವರ್ಣಾ ಅವನ ಮುಷ್ಟಿಯನ್ನು ಬಿಡಿಸಿ ನೋಡಿದಳು. ನೋಡಿದವಳೇ ಹಿಂದಿನ ಗೋಡೆಗೆ ಕೈಯಿಂದ ಬಡಿದಳು.

“ಗಂಗಕ್ಕಾರ, ಒಂದೀಟು ಬರ್ರಿ ಇಲ್ಲಿ.”

ಸನತ್‌ನಗರದ ಆ ಸಾಲಿನಲ್ಲಿ ಮನೆಗಳ ನಡುವಿನ ಗೋಡೆ ಬಹಳ ತೆಳು. ಆಚೆ ಮನೆಯ ಗಂಗಾಬಾಯಿ ಕರೆಯುವ ಮೊದಲೇ ಅರ್ಧ ದಾರಿ ಬಂದಿದ್ದರು. ಬೀದರ ಕಡೆಯವರು. ಗಂಡನ ನೌಕರಿ ಮುಗಿದರೂ ಅವರ ವೈದ್ಯಕೀಯ ಮುಗಿದಿರಲಿಲ್ಲ. ಅವರ ಗ್ಯಾಲರಿಯಲ್ಲಿ ಎಣ್ಣೆಯ ಹಳೆಯ ಡಬ್ಬಿಗಳಲ್ಲಿ ಸಾಲಾಗಿ ಬೆಳೆದ ಗಿಡಗಳಿಗೆ ಹೆದರಿ ಓಣಿಯ ಮಕ್ಕಳು ಕೆಮ್ಮು ಬಂದರೂ ನುಂಗಿಕೊಳ್ಳುತ್ತಿದ್ದವು.

ಗಂಗಾಬಾಯಿ ಸಂಗಣ್ಣನ ಅಂಗೈಯನ್ನು ಬಾಗಿಲ ಬೆಳಕಿಗೆ ಹಿಡಿದು, ಸೀರೆಯ ಬಣ್ಣ ಪರೀಕ್ಷಿಸುವವರ ಹಾಗೆ ತಿಕ್ಕಿ ನೋಡಿದರು.

“ಕಾಮಣಿ,” ಎಂದರು.

“ಅಕ್ಕಾರ, ಕಾಮಣಿ ಆದ್ರ ಮೊದಲ ಕಣ್ಣು ಹಳದಿ ಆಗತಾವ. ನನ್ನ ಕಣ್ಣು ನೋಡ್ರಿ, ಬೆಳ್ಳಗ ಅದಾವ.”

“ಅದಕ್ಕ ಹೇಳೂದು. ಕಣ್ಣಿಗೆ ಏರೂದರಾಗ ಹಿಡದೀವಿ. ನಿನ್ನ ಹೇಂತಿ ಪುಣ್ಯಾ.”

“ಬಸ್ಸಿಗೆ ಹೊತ್ತಾತ್ರಿ.”

“ಹೆಣಕ್ಕ ಎಂಥಾ ಬಸ್ಸೋ ತಮ್ಮಾ. ಕುಂದ್ರು.”

ಐದೇ ನಿಮಿಷದಲ್ಲಿ ನೆಲನೆಲ್ಲಿಯನ್ನು ಬೇರು ಸಮೇತ ಅರೆದು ಹಿಂಡಿದ ರಸ ಒಂದು ಲೋಟದ ತುಂಬ ಬಂತು. ಕಹಿ ಎಂದರೆ ಬಾಯಿಗೆ ಮಾತ್ರ ಆಗುವ ಕಹಿಯಲ್ಲ. ಕಿವಿಯ ಹಿಂದೆಯೂ ಕಹಿಯಾಯಿತು. ಆಮೇಲೆ ಗಂಗಾಬಾಯಿ ಅವನ ಕೈಗೆ ಯಾವುದೋ ತೊಗಟೆಯ ರಸ ಸವರಿ, ಸುಣ್ಣದ ನೀರು ತುಂಬಿದ ಬೋಗುಣಿಯಲ್ಲಿ ಅದ್ದಿಸಿದರು. ನೋಡನೋಡುತ್ತಿದ್ದಂತೆ ನೀರು ಹಳದಿಯಾಯಿತು.

“ನೋಡವಾ ಸುವರ್ಣಾ, ಹೆಂಗ ಇಳ್ಯಾಕತ್ತೈತಿ ನೋಡು,” ಎಂದರು ಗಂಗಾಬಾಯಿ. ಸುವರ್ಣಾ ಸೆರಗಿನಿಂದ ಕಣ್ಣು ಒರೆಸಿಕೊಂಡಳು.

ಅದು ತೊಗಟೆಗೂ ಸುಣ್ಣಕ್ಕೂ ನಡುವೆ ನಡೆದ ವ್ಯವಹಾರ, ಅದ್ದಿದ್ದು ಬೀದಿಯ ನಾಯಿಯ ಕಾಲಾದರೂ ನೀರು ಹಳದಿಯಾಗುತ್ತಿತ್ತು ಎಂದು ಸಂಗಣ್ಣನಿಗೆ ಚೆನ್ನಾಗಿ ಗೊತ್ತಿತ್ತು. ಆದರೆ ಇದು ಕಾಮಾಲೆಯಲ್ಲ ಎಂದು ಸಾಧಿಸಿದರೆ, ಹಾಗಾದರೆ ಮತ್ತೇನು ಎಂಬ ಪ್ರಶ್ನೆ ಬರುತ್ತದೆ. ಆ ಉತ್ತರ ಸುವರ್ಣಾಳ ಕಿವಿಗೆ ಬಿದ್ದರೆ ಗೋಡೆಗೆ ಬೀಳುತ್ತದೆ, ಗೋಡೆಗೆ ಬಿದ್ದರೆ ಬಸ್ಸಿಗೆ ಬೀಳುತ್ತದೆ. ಸಂಗಣ್ಣ ಬಾಯಿ ಮುಚ್ಚಿಕೊಂಡು, ತನ್ನದಲ್ಲದ ರೋಗ ಇಳಿಯುವುದನ್ನು ನೋಡುತ್ತ ಕುಳಿತ.

“ಇನ್ನ ಉಪ್ಪಿಲ್ಲ, ಖಾರಿಲ್ಲ, ಎಣ್ಣಿಲ್ಲ,” ಎಂದು ಗಂಗಾಬಾಯಿ ಅವನ ಮುಂದಿನ ರೊಟ್ಟಿಯನ್ನೂ ಬುತ್ತಿಯ ಡಬ್ಬಿಯನ್ನೂ ಎತ್ತಿಕೊಂಡರು.

“ಮತ್ತೇನೈತ್ರಿ ಅಕ್ಕಾರ?”

“ಜೀವ ಐತಿ. ಅದನ್ನ ಉಳಿಸ್ಕೊ.”

ಸಂಗಣ್ಣ ಓಡಿ ಹೋಗಿ ಬಸ್ಸು ಹಿಡಿದ. ಕೈಗಳನ್ನು ಜೇಬಿಗಿಳಿಸಿ, ಎಂದಿನಂತೆ ಹಂಪಯ್ಯನ ಪಕ್ಕದಲ್ಲಿ ಕುಳಿತ. ಹಂಪಯ್ಯ ಹೊಸಪೇಟೆಯ ಕಡೆಯವನು, ಅದೇ ವಿಭಾಗದ ಇನ್ನೊಬ್ಬ ಗುತ್ತಿಗೆಯವನು. ಮನುಷ್ಯ ಬಹಳ ಒಳ್ಳೆಯವನು. ಯಾರಿಗೆ ಏನೇ ಕಷ್ಟ ಬಂದರೂ ಅದನ್ನು ಹತ್ತು ಜನಕ್ಕೆ ಹಂಚುವವರೆಗೆ ಅವನಿಗೆ ಸಮಾಧಾನವಿರುತ್ತಿರಲಿಲ್ಲ.

“ಇವತ್ತ ಖಾಯಂ ಆಗೂ ಮನಷ್ಯಾ, ಮಾರಿ ಯಾಕ ಹಿಂಗ ಮಾಡ್ಕೊಂಡು ಕುಂತಿ?”

“ಬಾಯಿ ಕಹಿ ಆಗೇತಿ.”

ಸತ್ಯ ಹೇಳಿದ್ದೇ ತಪ್ಪಾಯಿತು. ಹಂಪಯ್ಯ ಅವನ ಮುಖವನ್ನು ಸರಿಯಾಗಿ ನೋಡಿದ. ಅದೇ ಹೊತ್ತಿಗೆ ಒಂದು ಎಮ್ಮೆ ರಸ್ತೆಗೆ ಬಂದು, ಡ್ರೈವರು ಬ್ರೇಕು ತುಳಿದು, ಸಂಗಣ್ಣ ಮುಂದಿನ ಸೀಟಿನ ಸರಳನ್ನು ಎರಡೂ ಕೈಯಿಂದ ಹಿಡಿದುಕೊಂಡ. ಎಮ್ಮೆ ದಾಟಿ ಹೋಯಿತು. ಹಂಪಯ್ಯನ ಕಣ್ಣು ಮಾತ್ರ ಅಲ್ಲೇ ನಿಂತಿತು.

“ಸಂಗಣ್ಣಾ, ನಿನಗ ಕಾಮಣಿ ಆಗೇತೋ.”

ಅವನು ಮೆಲ್ಲಗೇ ಹೇಳಿದ. ಆದರೆ ಹಂಪಯ್ಯ ಮೆಲ್ಲಗೆ ಹೇಳಿದ್ದು ಡ್ರೈವರಿಗೆ ಕೇಳಿಸುತ್ತದೆ. ಕ್ಷಣದಲ್ಲಿ ಇಡೀ ಬಸ್ಸು ಸಂಗಣ್ಣನ ಕಡೆಗೆ ತಿರುಗಿತು. ಮುಂದಿನವರು ಮೂಲಂಗಿ ಎಂದರು, ಹಿಂದಿನವರು ಕಬ್ಬಿನ ಹಾಲು ಎಂದರು. ರಾಯಚೂರಿನವನೊಬ್ಬ ಮೊಣಕೈಗೆ ಬರೆ ಎಳೆಸಬೇಕು ಎಂದ. ವರಂಗಲ್ಲಿನವನೊಬ್ಬ ತಲೆಗೆ ಹಾಕಿಕೊಳ್ಳುವ ಎಲೆಯ ಮಾಲೆಯ ಬಗ್ಗೆ ತೆಲುಗಿನಲ್ಲಿ ವಿವರಿಸಿದ. ಮಾಲೆ ದೊಡ್ಡದೋ ಬರೆ ದೊಡ್ಡದೋ ಎಂದು ರಾಯಚೂರಿಗೂ ವರಂಗಲ್ಲಿಗೂ ಜೋರು ವಾದ ಹತ್ತಿತು. ಇಷ್ಟೆಲ್ಲ ಪ್ರೀತಿಯ ನಡುವೆ ಸಂಗಣ್ಣನ ಸುತ್ತಲಿನ ನಾಲ್ಕು ಸೀಟುಗಳು ಯಾವಾಗ ಖಾಲಿಯಾದವೋ ತಿಳಿಯಲಿಲ್ಲ. ಹಂಪಯ್ಯ ಕೂಡ ನಿಂತುಕೊಂಡು, ಮೂಗಿಗೆ ಕರವಸ್ತ್ರ ಹಿಡಿದುಕೊಂಡೇ ಸಮಾಧಾನ ಹೇಳುತ್ತಿದ್ದ.

“ನೀ ಏನೂ ಚಿಂತಿ ಮಾಡಬ್ಯಾಡ. ನಾ ಅದೀನಿ.”

ಪಟಾನ್‌ಚೆರುವಿನಲ್ಲಿ ಬಸ್ಸು ನಿಲ್ಲುವಷ್ಟರಲ್ಲಿ ಸುದ್ದಿ ಫೋನಿನ ಮೇಲೆ ಮೊದಲೇ ಇಳಿದುಹೋಗಿತ್ತು. ಗೇಟಿನ ಕಾವಲುಗಾರ ದಿನವೂ ಸಲಾಮು ಹೊಡೆಯುತ್ತಿದ್ದವನು, ಆ ದಿನ ಲಾಠಿಯನ್ನು ಅಡ್ಡ ಹಿಡಿದು, “ಪಸಿರಿಕಲಾ ಸಾರ್?” ಎಂದು ತೆಲುಗಿನಲ್ಲಿ ಕಾಮಾಲೆಯನ್ನು ಕುಶಲ ವಿಚಾರಿಸುವವನಂತೆ ಕೇಳಿದ. ನುಂಗುವ ಪದಾರ್ಥ ತಯಾರಿಸುವ ಜಾಗಕ್ಕೆ ಕಾಮಾಲೆ, ಕಜ್ಜಿ, ಭೇದಿ ಇದ್ದವರು ಕಾಲಿಡಬಾರದೆಂದು ಗೋಡೆಯ ಮೇಲೆ ಮೂರು ಭಾಷೆಗಳಲ್ಲಿ ಬರೆದಿತ್ತು. ಮೂರರಲ್ಲಿ ಯಾವುದೂ ಸಂಗಣ್ಣನ ಪರವಾಗಿರಲಿಲ್ಲ. ಡಾಕ್ಟರು ಬರುವುದು ಹತ್ತಕ್ಕೆ. ಅಲ್ಲಿಯವರೆಗೆ ಗೇಟಿನ ಹೊರಗಿನ ಸಿಮೆಂಟಿನ ಕಟ್ಟೆಯ ಮೇಲೆ ಕೂರಬೇಕಾಯಿತು. ರೋಗಿಯ ಜೊತೆಗೆ ಒಬ್ಬರಿರಬೇಕೆಂದು ಮೇಲ್ವಿಚಾರಕರು ಹಂಪಯ್ಯನನ್ನು ಬಿಟ್ಟರು. ಕೆಲಸ ತಪ್ಪಿದ ಸಂತೋಷವನ್ನು ಅನುಕಂಪದೊಳಗೆ ನೀಟಾಗಿ ಮಡಚಿಟ್ಟುಕೊಂಡು ಹಂಪಯ್ಯ ನಾಲ್ಕು ಮಾರು ದೂರದಲ್ಲಿ ಕುಳಿತ.

ಹತ್ತೂವರೆಗೆ ಡಾಕ್ಟರಮ್ಮ ಬಂದು ಇಬ್ಬರನ್ನೂ ಗೇಟಿನ ಬದಿಯ ತಮ್ಮ ಕೋಣೆಗೆ ಕರೆಸಿಕೊಂಡರು. ತೆಲುಗಿನವರು, ಎಳೆಯ ವಯಸ್ಸು, ಎಲ್ಲವನ್ನೂ ಬರೆದುಕೊಳ್ಳುವ ಅಭ್ಯಾಸ. ಸಂಗಣ್ಣನ ತೆಲುಗು ಹಂಪಯ್ಯನ ತೆಲುಗಿಗಿಂತ ಎಷ್ಟೋ ಚೆನ್ನಾಗಿತ್ತು. ಆದರೂ ರೋಗಿಯನ್ನು ಮಾತಾಡಿಸಿ ದಣಿಸಬಾರದೆಂದು ಹಂಪಯ್ಯನೇ ಎಲ್ಲ ಉತ್ತರ ಕೊಟ್ಟ. ಜ್ವರ ಇದೆ, ವಾಂತಿ ಆಗುತ್ತದೆ, ಹಸಿವಿಲ್ಲ ಎಂದ. ಇಲ್ಲ, ಹಸಿವಿದೆ ಎಂದು ಸಂಗಣ್ಣ ನಡುವೆ ಬಾಯಿ ಹಾಕಿದರೆ, ಈ ರೋಗದವರು ಹೀಗೇ ಹೇಳುತ್ತಾರೆ ಎಂದ.

ಡಾಕ್ಟರಮ್ಮ ಅವನ ಕಣ್ಣಿನ ರೆಪ್ಪೆ ಎಳೆದು ನೋಡಿದರು. ಮತ್ತೆ ನೋಡಿದರು. ಕಣ್ಣು ಬೆಳ್ಳಗಿತ್ತು.

“ಇದು ಕಾಮಾಲೆಯ ಹಾಗಿಲ್ಲವಲ್ಲ. ನೀವು ಏನು ತಿನ್ನುತ್ತೀರಿ?” ಎಂದು ಕೇಳಿದರು.

ಬೆಳಗಿನಿಂದ ಮೊದಲ ಬಾರಿಗೆ ಒಬ್ಬರು ಸರಿಯಾದ ಪ್ರಶ್ನೆ ಕೇಳಿದ್ದರು. ಮುಳುಗುವವನಿಗೆ ಹಗ್ಗ ಸಿಕ್ಕಂತೆ ಸಂಗಣ್ಣ ಥಟ್ಟನೆ ಹೇಳಿದ, “ಗಜ್ಜರಿ, ಮೇಡಂ.”

“ಎಷ್ಟು?”

“ದಿನಾ ಒಂದು ಕಿಲೋ.”

ಡಾಕ್ಟರಮ್ಮನ ಮುಖ ಅರಳಿತು. ಪರೀಕ್ಷೆಗೆಂದು ಓದಿ ಮರೆತಿದ್ದ ಪುಟವೊಂದು ಕಾಲು ಮೂಡಿ ನಡೆದು ಬಂದು ಎದುರಿಗೆ ನಿಂತಿತ್ತು. ಇದು ಗಜ್ಜರಿಯಿಂದಲೂ ಆಗುತ್ತದೆ, ನಿರಪಾಯ ಎಂದು ಅವರು ಪೆನ್ನಿನ ಮುಚ್ಚಳ ತೆಗೆದು, ಆರೋಗ್ಯ ಪತ್ರವನ್ನು ಹತ್ತಿರಕ್ಕೆ ಎಳೆದುಕೊಂಡರು.

“ಗಜ್ಜರಿ?” ಎಂದ ಹಂಪಯ್ಯ. “ಒಂಬತ್ತು ವರ್ಷ ನಿನ್ನ ಡಬ್ಬಿ ಬಾಜೂಕ ಡಬ್ಬಿ ಇಟ್ಟು ಉಂಡೀನಿ. ಒಂದಿನ ಗಜ್ಜರಿ ಕಂಡಿಲ್ಲಲ್ಲೋ.”

“ಮನ್ಯಾಗ ತಿಂತೀನಿ. ನೀ ಸುಮ್ಮಕಿರು.”

“ತಡಿ ತಡಿ. ಜೀವದ ಪ್ರಶ್ನಿ ಐತಿ, ಅಂದಾಜಿ ಮ್ಯಾಲ ಬಿಡಾಕಾಗಂಗಿಲ್ಲ. ವೈನಿಗೆ ಕೇಳೂಣು.”

ಸಂಗಣ್ಣ ಕೈ ಹಿಡಿಯುವಷ್ಟರಲ್ಲಿ ಹಂಪಯ್ಯ ಫೋನು ಹಚ್ಚಿ, ಎಲ್ಲರಿಗೂ ಕೇಳಿಸುವಂತೆ ದನಿ ದೊಡ್ಡದು ಮಾಡಿ ಮೇಜಿನ ಮೇಲಿಟ್ಟಿದ್ದ.

“ವೈನೀ, ನಮ್ಮ ಸಂಗಣ್ಣ ದಿನಾ ಕಿಲೋ ಗಜ್ಜರಿ ತಿಂತಾನೇನ್ರಿ?”

“ಗಜ್ಜರೀನಾ?” ಎಂದಿತು ಸುವರ್ಣಾಳ ದನಿ. “ಸಂಕ್ರಾಂತಿಗೆ ತಂದದ್ದ ಕಡೀರಿ ಅಣ್ಣಾರ. ಅವ್ರು ಮುಟ್ಟಂಗಿಲ್ಲ, ಮೊಲದ ಊಟ ಅಂತಾರ. ಯಾಕ್ರಿ, ಏನೇನರ ಬಡಬಡಸಾಕತ್ತಾರೇನು? ಗಂಗಕ್ಕಾರು ಹೇಳಿದ್ರು, ಕಾಮಣಿ ತಲಿಗೆ ಏರಿದ್ರ ಹಂಗ ಆಗತೈತಂತ.”

ಹಂಪಯ್ಯ ಅದನ್ನು ಅಕ್ಷರ ಬಿಡದೆ ತೆಲುಗಿಗೆ ತಿರುಗಿಸಿದ. ಡಾಕ್ಟರಮ್ಮ ಆರೋಗ್ಯ ಪತ್ರವನ್ನು ಬದಿಗೆ ಸರಿಸಿ, ಬೇರೆ ಹಾಳೆಯಲ್ಲಿ ‘ಮಾತಿನಲ್ಲಿ ಅಸಂಬದ್ಧತೆ’ ಎಂದು ಬರೆದುಕೊಂಡರು. ರಕ್ತ ತೆಗೆದು ಪೇಟೆಯ ಲ್ಯಾಬಿಗೆ ಕಳಿಸಿದರು.

ಮಧ್ಯಾಹ್ನದ ಊಟದ ಗಂಟೆ ಹೊಡೆದಾಗ ಒಳಗೆ ಹೋದ ಹಂಪಯ್ಯ ಕೆಲಸಕ್ಕೆ ಅಲ್ಲೇ ಉಳಿದ. ಕ್ಯಾಂಟೀನಿಗೆ ಸಂಗಣ್ಣನನ್ನು ಬಿಡುವಂತಿರಲಿಲ್ಲ. ಕಟ್ಟೆಯ ಮೇಲೆ ಕುಳಿತ ಸಂಗಣ್ಣನನ್ನು ಗೇಟಿನ ಸರಳುಗಳ ಆಚೆಯಿಂದ ಸಹೋದ್ಯೋಗಿಗಳು ಮೃಗಾಲಯದ ಪ್ರಾಣಿಯನ್ನು ನೋಡುವಂತೆ ಬಂದು ನೋಡಿ ಹೋದರು. ಒಬ್ಬನಂತೂ ತನ್ನ ಅತ್ತೆಯ ತಮ್ಮ ಇದೇ ರೋಗದಲ್ಲಿ ಎಷ್ಟು ಬೇಗ ಹೋದ ಎಂಬುದನ್ನು ಧೈರ್ಯ ತುಂಬುವ ದನಿಯಲ್ಲಿ ಹೇಳಿದ. ಕಾಮಾಲೆ ಕಣ್ಣವನಿಗೆ ಲೋಕವೆಲ್ಲ ಹಳದಿ ಎನ್ನುತ್ತಾರೆ. ಸಂಗಣ್ಣನ ಕಣ್ಣು ಸರಿಯಾಗಿತ್ತು. ಲೋಕದ ಕಣ್ಣಿಗೆ ಅವನು ಹಳದಿಯಾಗಿದ್ದ.

ಎರಡೂವರೆಗೆ ರಕ್ತದ ರಿಪೋರ್ಟು ಬಂತು. ಎಲ್ಲ ಸರಿಯಾಗಿತ್ತು. ಕಾಮಾಲೆ ಇಲ್ಲ, ಅದರ ನೆರಳೂ ಇಲ್ಲ. ಸಂಗಣ್ಣ ಆ ಹಾಳೆಯನ್ನು ಎರಡೂ ಕೈಯಲ್ಲಿ ಪ್ರಸಾದದಂತೆ ಹಿಡಿದುಕೊಂಡ.

“ಹಂಗಾರ ಬರೀರಿ ಮೇಡಂ, ಆರೋಗ್ಯವಂತ ಅಂತ,” ಎಂದು ತೆಲುಗಿನಲ್ಲೇ ಬೇಡಿಕೊಂಡ.

ಡಾಕ್ಟರಮ್ಮ ಪತ್ರದ ಒಂದು ಅಂಕಣವನ್ನು ತೋರಿಸಿದರು. ಮೈಮೇಲೆ ಏನಾದರೂ ಬದಲಾವಣೆ ಇದ್ದರೆ ಅದರ ಕಾರಣ ಬರೆಯಬೇಕು. ಕಾಮಾಲೆ ಅಲ್ಲ, ಗಜ್ಜರಿ ಅಲ್ಲ. ಕಾರಣ ಗೊತ್ತಿಲ್ಲದ ಹಳದಿಗೆ ತಾನು ಸಹಿ ಹಾಕಲಾರೆ, ಗುಣಮಟ್ಟ ವಿಭಾಗದ ಮುಖ್ಯಸ್ಥರು ಒಪ್ಪಿದರೆ ನೋಡೋಣ ಎಂದು ರಿಪೋರ್ಟನ್ನು ಅವನ ಕೈಗೇ ಕೊಟ್ಟು ಕಳಿಸಿದರು. ಗಡಿಯಾರದಲ್ಲಿ ಮೂರು ಗಂಟೆ.

ಗುಣಮಟ್ಟ ವಿಭಾಗದ ಮುಖ್ಯಸ್ಥರು ಸುಬ್ಬರಾಯರು. ಕುಂದಾಪುರದ ಕಡೆಯವರು, ಎರಡು ವರ್ಷದಲ್ಲಿ ನಿವೃತ್ತಿ. ಹೊಸಬರಿಗೆ ಪಾಠ ಹೇಳುವಾಗಲೆಲ್ಲ ಅವರು ಒಂದೇ ಮಾತು ಹೇಳುತ್ತಿದ್ದರು: ಬರೆದದ್ದು ನಡೆದದ್ದು, ಬರೆಯದ್ದು ನಡೆಯದ್ದು. ಸುಳ್ಳು ಬರೆಯುವವನಿಗಿಂತ ತಪ್ಪು ಒಪ್ಪಿಕೊಳ್ಳುವವನು ಕಂಪನಿಗೆ ಬೇಕು ಎಂದೂ ಹೇಳುತ್ತಿದ್ದರು. ಅವರ ಕಚೇರಿ ತಯಾರಿಕಾ ವಿಭಾಗದಿಂದ ದೂರ, ಗೇಟಿನ ಪಕ್ಕದಲ್ಲೇ ಇತ್ತು. ಆ ಮೂವತ್ತು ಹೆಜ್ಜೆಗಳನ್ನು ನಡೆಯುವಾಗ ಸಂಗಣ್ಣ ನಿರ್ಧರಿಸಿಬಿಟ್ಟ. ಬೆಳಗಿನಿಂದ ಸುಳ್ಳು ಅವನನ್ನು ಕಾಪಾಡಿರಲಿಲ್ಲ. ಕರಗಿಸಿ ಚೆಲ್ಲುವ ಪದಾರ್ಥ ತಿಂದದ್ದಕ್ಕೆ ಬೈದಾರು, ದಂಡ ಹಾಕಿಯಾರು. ಸತ್ಯ ಹೇಳಿದವನ ಹೆಸರನ್ನು ಪಟ್ಟಿಯಿಂದ ತೆಗೆಯಲಾರರು.

ಬಾಗಿಲು ಮುಂದೆ ಮಾಡಿ, ನಿಂತುಕೊಂಡೇ ಎಲ್ಲವನ್ನೂ ಹೇಳಿದ. ಸುಬ್ಬರಾಯರು ಕನ್ನಡಕ ತೆಗೆದು ಒರೆಸುತ್ತ ಕೇಳಿದರು.

“ದಿನಕ್ಕೆ ಎಷ್ಟು?”

“ಆರು, ಸರ್.”

“ಎಷ್ಟು ದಿನ?”

“ರಜಾ ಬಿಟ್ಟು ನೂರಾ ಹದಿನೆಂಟು ದಿನ, ಸರ್.”

“ಏಳುನೂರ ಎಂಟು,” ಎಂದರು ಸುಬ್ಬರಾಯರು ಬಾಯಿಲೆಕ್ಕದಲ್ಲಿ. ಎದ್ದು ಕಪಾಟಿನಿಂದ ಒಂದು ದಪ್ಪ ರಿಜಿಸ್ಟರು ತಂದು ಅವನ ಮುಂದೆ ತೆರೆದರು. “ಇದು ಯಾರ ಸಹಿ?”

“ನಂದು, ಸರ್.”

“ಅದರ ಪಕ್ಕದ್ದು?”

“ತಮ್ಮದು.”

“ಮೇಲೆ ಬರೆದದ್ದನ್ನು ಸ್ವಲ್ಪ ಓದಿ ಹೇಳಿ, ನೋಡುವಾ.”

ಸಂಗಣ್ಣ ಓದಿದ. ತಿರಸ್ಕೃತ ಕ್ಯಾಪ್ಸೂಲುಗಳನ್ನು ಎಣಿಸಿ, ತೊಟ್ಟಿಗೆ ಹಾಕಿ, ಒಂದೂ ಉಳಿಯದಂತೆ ಕರಗಿದ್ದನ್ನು ಕೆಳಗೆ ಸಹಿ ಮಾಡಿದ ಇಬ್ಬರೂ ಖುದ್ದಾಗಿ ನಿಂತು ನೋಡಿದ್ದೇವೆ ಎಂದಿತ್ತು. ಓದುತ್ತಿದ್ದಂತೆ ಅವನ ದನಿ ತಾನಾಗಿ ಇಳಿಯಿತು. ಸುಬ್ಬರಾಯರು ತೊಟ್ಟಿಯ ಬಳಿಗೆ ಬಂದದ್ದನ್ನು ಅವನು ಒಂದು ದಿನವೂ ಕಂಡಿರಲಿಲ್ಲ. ರಿಜಿಸ್ಟರೇ ಪ್ರತಿ ಸಂಜೆ ಅವರ ಚಹಾದ ಜೊತೆಗೆ ಅವರ ಕಚೇರಿಗೆ ಬರುತ್ತಿತ್ತು.

“ಬರುವ ಬುಧವಾರ ಹೊರದೇಶದ ತಪಾಸಣೆಯವರು ಬರ್ತಾರೆ,” ಎಂದರು ಸುಬ್ಬರಾಯರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ದಣಿವಿತ್ತು. “ಈ ಪುಸ್ತಕವನ್ನೇ ಮೊದಲು ಕೇಳ್ತಾರೆ. ಇದರ ಪ್ರಕಾರ ಆ ಏಳುನೂರ ಎಂಟು ಕ್ಯಾಪ್ಸೂಲು ಈ ಲೋಕದಲ್ಲಿ ಇಲ್ಲ. ಹೌದಾ?”

“ಹೌದ್ರಿ ಸರ್.”

“ಇಲ್ಲದ ಕ್ಯಾಪ್ಸೂಲು ತಿಂದು ಯಾರಿಗಾದರೂ ಮೈ ಹಳದಿ ಆಗ್ತದಾ? ನೀವು ವಿಜ್ಞಾನ ಓದಿದವರು, ನೀವೇ ಹೇಳಿ.”

“ಇಲ್ರಿ.”

“ಹಾಗಾದ್ರೆ ನಿಮಗೆ ಏನಾಗಿದೆ?”

ಸಂಗಣ್ಣ ರಿಜಿಸ್ಟರಿನಲ್ಲಿದ್ದ ತನ್ನ ಸಹಿಯನ್ನು ಇನ್ನೊಮ್ಮೆ ನೋಡಿದ.

“ಕಾಮಣಿ, ಸರ್.”

“ನೋಡಿ.”

“ಆದ್ರ ರಿಪೋರ್ಟ್‌ನಾಗ ಏನೂ ಇಲ್ಲಂತ ಬಂದೈತ್ರಿ,” ಎಂದು ಅವನು ಹಾಳೆ ಮುಂದೆ ಚಾಚಿದ. ಸುಬ್ಬರಾಯರು ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು.

“ಇದಕ್ಕೆ ನಮ್ಮ ಕಚೇರಿಯ ನಂಬರು ಬಿದ್ದಿಲ್ಲ. ನಂಬರು ಬೀಳುವವರೆಗೆ ಇದು ಬಂದೇ ಇಲ್ಲ,” ಎಂದು ಮೇಜಿನ ಖಾನೆಯೊಳಗೆ ಹಾಕಿ ಬೀಗ ತಿರುಗಿಸಿದರು.

“ಸರ್, ಕೈ ಮುಗೀತೀನಿ. ಕಳ್ಳ ಅಂತ ಬರಕೊಳ್ರಿ. ದಂಡ ಹಾಕ್ರಿ. ಪಟ್ಟ್ಯಾಗಿನ ಹೆಸರು ಒಂದು ತೆಗೀಬ್ಯಾಡ್ರಿ.”

“ನಿಮ್ಮನ್ನು ಕಳ್ಳ ಅಂತ ಬರೆದರೆ ನನ್ನನ್ನು ಕುರುಡ ಅಂತ ಬರೀಬೇಕಾಗ್ತದೆ, ಮಾರಾಯ್ರೇ. ನೂರಾ ಹದಿನೆಂಟು ದಿನ ಕುರುಡ. ಎರಡು ವರ್ಷ ಉಂಟು ನನಗೆ.” ಅವರು ಒಂದು ಬಿಳಿ ಹಾಳೆಯನ್ನು ಅವನ ಕಡೆಗೆ ತಳ್ಳಿದರು. “ನಿಮ್ಮ ಕೈಯಲ್ಲೇ ಬರೆಯಿರಿ. ನನಗೆ ಕಾಮಾಲೆ ಆಗಿದೆ, ನಲವತ್ತೈದು ದಿನ ಸಂಬಳವಿಲ್ಲದ ರಜೆ ಬೇಕು. ಆಮೇಲೆ ಬನ್ನಿ, ಗುತ್ತಿಗೆಗೆ ಹೊಸದಾಗಿ ತಗೊಳ್ಳುವಾ.”

“ಹೊಸದಾಗಿ ಅಂದ್ರ, ಒಂಬತ್ತು ವರ್ಷ?”

“ಒಂದು ತಿಂಗಳು ಮೀರಿ ತಪ್ಪಿದರೆ ಹಿಂದಿನ ಸೇವೆ ಲೆಕ್ಕಕ್ಕಿಲ್ಲ. ಅದು ನಾನು ಮಾಡಿದ ನಿಯಮ ಅಲ್ಲ.”

ಸಂಗಣ್ಣ ಕುಳಿತು ಬರೆದ. ಅವನ ಅಕ್ಷರ ಚೆನ್ನಾಗಿತ್ತು. ಒಂದೂ ಚಿತ್ತಿಲ್ಲದೆ, ಸಾಲು ಬಾಗದೆ ಬರೆದು, ಕೆಳಗೆ ಸಹಿ ಹಾಕಿದ. ಸುಬ್ಬರಾಯರು ಎರಡು ಸಲ ಓದಿ, ದಿನಾಂಕವನ್ನು ನೋಡಿ ತಲೆಯಾಡಿಸಿ, ಪಕ್ಕದಲ್ಲಿ ತಮ್ಮ ಸಹಿ ಹಾಕಿದರು. ಈ ಸಲ ಮಾತ್ರ ಅವರು ಖುದ್ದಾಗಿ ಎದುರಿಗೆ ಕುಳಿತು ನೋಡಿದ್ದರು. ನಾಲ್ಕಕ್ಕೆ ಐದು ನಿಮಿಷವಿತ್ತು. ಅವರು ಫೋನು ಎತ್ತಿ, ಪಟ್ಟಿಯಲ್ಲಿ ಎರಡನೆಯ ಹೆಸರಿನವರನ್ನು ಡಾಕ್ಟರಮ್ಮನ ಹತ್ತಿರ ಕಳಿಸಲು ಹೇಳಿದರು.

ಸಂಗಣ್ಣ ಹೊರಗೆ ಬಂದ. ಕಾಮಾಲೆಯವನನ್ನು ಕಂಪನಿ ಬಸ್ಸು ಹತ್ತಿಸಿಕೊಳ್ಳುವಂತಿಲ್ಲ ಎಂದು ಕಾವಲುಗಾರ ಮೊದಲೇ ತಿಳಿಸಿದ್ದ. ಆದರೂ ಬೇರೆಲ್ಲಿಗೆ ಹೋಗಬೇಕೆಂದು ಹೊಳೆಯದೆ ಕಟ್ಟೆಯ ಮೇಲೆ ಕುಳಿತ. ಗಂಗಾಬಾಯಿಗೆ ಏನು ಹೇಳುವುದು ಎಂಬ ಚಿಂತೆಯೇನೂ ಇರಲಿಲ್ಲ. ಅವರು ಹೇಳಿದ್ದು ಈಗ ಸಹಿ ಸಮೇತ ನಿಜವಾಗಿತ್ತು. ಸುವರ್ಣಾಳಿಗೆ ಹೇಳುವುದು ಹೇಗೆ ಎಂಬಲ್ಲಿಗೆ ಮಾತ್ರ ಅವನ ಯೋಚನೆ ಹೋಗಿ ಹೋಗಿ ನಿಲ್ಲುತ್ತಿತ್ತು. ಬೆಳಗಿನ ಆ ಲೋಟ ಬಿಟ್ಟರೆ ಹೊಟ್ಟೆಗೆ ಏನೂ ಬಿದ್ದಿರಲಿಲ್ಲ.

ಐದು ಗಂಟೆಗೆ ಗೇಟು ತೆರೆಯಿತು. ಎಲ್ಲರಿಗಿಂತ ಮುಂದೆ ಹಂಪಯ್ಯ ಬಂದ. ಒಂದು ಕೈಯಲ್ಲಿ ಮಡಚಿದ ಕಾಗದ, ಇನ್ನೊಂದು ಕೈಯಲ್ಲಿ ಎದುರಿನ ಬೇಕರಿಯಿಂದ ತರಿಸಿಕೊಂಡ ಡಬ್ಬಿ. ಕಣ್ಣಿನಲ್ಲಿ ನಿಜವಾದ ನೀರು.

“ನನಗ ಗೊತ್ತ ಇದ್ದಿಲ್ಲೋ ಸಂಗಣ್ಣಾ, ಎರಡನೇ ಹೆಸರು ನಂದ ಅಂತ. ಆಣಿ ಮಾಡಿ ಹೇಳತೀನಿ. ಒಲ್ಲೆ ಅಂದೆ. ಸಾಯೇಬ್ರು ಕೇಳಲಿಲ್ಲ. ಕುಂದ್ರಿಸಿ ಸಹಿ ತಗೊಂಡ ಬಿಟ್ರು.”

“ಇರಲಿ ಬಿಡು. ಚಲೋ ಆತು.”

“ನಿನ್ನ ಜಾಗಾದಾಗ ಕುಂದ್ರಾಕ ಹೊಟ್ಯಾಗ ಸಂಕಟ ಆಗತೈತಿ. ನೀ ಹೂಂ ಅಂದ್ರ ಮಾತ್ರ ನನಗ ಸಮಾಧಾನ.”

ಸಂಗಣ್ಣ ಹೂಂ ಎಂದ. ಹಂಪಯ್ಯ ಸಮಾಧಾನದ ಉಸಿರು ಬಿಟ್ಟು ಡಬ್ಬಿಯ ಮುಚ್ಚಳ ತೆರೆದ. ಒಳಗೆ ಮೈಸೂರುಪಾಕು. ತುಪ್ಪ ಕಾಗದಕ್ಕೆ ಇಳಿದು ಹೊಳೆಯುತ್ತಿತ್ತು. ಘಮ ಮೂಗಿಗೆ ಬಡಿದ ಕೂಡಲೇ, ಇಡೀ ದಿನ ಅಡಗಿದ್ದ ಹಸಿವು ಸಂಗಣ್ಣನನ್ನು ಕೇಳದೆಯೇ ಅವನ ಕೈಯನ್ನು ಮುಂದಕ್ಕೆ ತಂದಿತು.

ಹಂಪಯ್ಯ ಡಬ್ಬಿಯನ್ನು ಎದೆಗೆ ಅವಚಿಕೊಂಡ.

“ಏ, ತುಪ್ಪದ್ದೈತೋ ಇದು. ಕಾಮಣಿಗೆ ವಿಷ. ಖುಷಿ ಒಳಗ ನಾ ಮರತ್ರ, ನಿನಗ ಬುದ್ಧಿ ಬ್ಯಾಡೇನು?”

ಅವನು ಒಂದು ತುಂಡನ್ನು ಕಾವಲುಗಾರನ ಕೈಗಿಟ್ಟ, ಒಂದನ್ನು ತನ್ನ ಬಾಯಿಗೆ ಹಾಕಿಕೊಂಡ. ಆಮೇಲೆ ಸುತ್ತ ನೆರೆಯುತ್ತಿದ್ದ ಜನರನ್ನು ನೋಡಿ, ಸಂಗಣ್ಣನ ಕಡೆ ಬಾಗಿ, ಅಣ್ಣನಂತೆ ಮೆಲ್ಲಗೆ ಹೇಳಿದ. ಗೇಟಿನವರೆಗೂ ಕೇಳಿಸಿತು.

“ಕೈ ಕಿಸೇದಾಗ ಇಟ್ಕೊ, ತಮ್ಮಾ. ಮಂದಿ ಅಂಜತಾರ.”